ಪಫರ್ ಮೀನಿಗೆ ಏನು ಹಾಕಬೇಕು: ಮರುವಾಯಿ, ಏಡಿ, ಸಿಗಡಿ, ಇಲ್ಲ ಡಬ್ಬಿ ಆಹಾರ?

ಉಪ್ಪುನೀರಿನ ಟ್ಯಾಂಕಿಗೆ ಅಂತ, ಹೆದರಿದರೆ ಚೆಂಡಿನ ಹಾಗೆ ಉಬ್ಬುವ ಪಫರ್ ಮೀನು ಕೊಂಡರೆ, ಅಂಗಡಿಯಿಂದ ಹೊರಡುವಾಗ ಜೊತೆಗೆ ಒಂದು ಡಬ್ಬಿ ಒಣ ಕ್ರಿಲ್ (ಸಿಗಡಿಯಂಥ ಪುಟ್ಟ ಸಮುದ್ರಜೀವಿ) ಕೂಡ ಕೈಗೆ ಬರುತ್ತದೆ. ಮನೆಗೆ ತಂದು ಹಾಕುತ್ತೇವೆ, ಮೀನು ಗಬಗಬ ತಿನ್ನುತ್ತದೆ, ಅಲ್ಲಿಗೆ ಊಟದ ವಿಷಯ ಮುಗಿಯಿತು ಅಂದುಕೊಳ್ಳುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ.

ನನ್ನದು ಡಾಗ್‌ಫೇಸ್ ಪಫರ್. ನಾಯಿಮರಿಯ ಮೂತಿ, ಬೂದು ಮೈ, ಅಲ್ಲಲ್ಲಿ ಕಪ್ಪು ಚುಕ್ಕೆ. ಮನೆಯಲ್ಲಿ ಎಲ್ಲರಿಗೂ ಅವನು ಗುಂಡ. ಮೊದಲ ಏಳು ತಿಂಗಳು ಗುಂಡನಿಗೆ ಕ್ರಿಲ್ ಮತ್ತು ಸಿಪ್ಪೆ ತೆಗೆದ ಸಿಗಡಿ ಬಿಟ್ಟು ಬೇರೇನೂ ಹಾಕಲಿಲ್ಲ. ಒಂದು ಸಂಜೆ ಸಿಗಡಿಯ ತುಂಡು ಕೊಟ್ಟರೆ ಓಡಿ ಬಂದ, ಬಾಯಿ ಹಾಕಿದ, ತುಂಡು ಜಾರಿ ಕೆಳಗೆ ಬಿತ್ತು. ಮತ್ತೆ ಹಾಕಿದ, ಮತ್ತೆ ಬಿತ್ತು. ಗಾಜಿಗೆ ಮುಖ ಒತ್ತಿ ನೋಡಿದೆ. ಮೇಲಿನ ಹಲ್ಲು ಗಿಣಿಯ ಕೊಕ್ಕಿನ ಹಾಗೆ ಬಾಗಿ ಕೆಳತುಟಿ ದಾಟಿ ಇಳಿದಿತ್ತು. ಬಾಯಿ ತೆರೆದರೂ ಒಳಗೆ ಏನೂ ಹೋಗುವಷ್ಟು ಜಾಗವೇ ಇರಲಿಲ್ಲ. ತಟ್ಟೆ ತುಂಬ ಊಟ ಮುಂದಿದ್ದೂ ಅವನು ಹಸಿದಿದ್ದ. ಆ ನೋಟ ಇವತ್ತಿಗೂ ಮರೆತಿಲ್ಲ.

ಹಾಗಾಗಿ ಯಾವ ಆಹಾರ ಒಳ್ಳೆಯದು ಅಂತ ನನ್ನನ್ನು ಯಾರಾದರೂ ಕೇಳಿದರೆ, ಮೊದಲು ನಾನು ಹಲ್ಲಿನ ಮಾತೇ ತೆಗೆಯುತ್ತೇನೆ. ಪೌಷ್ಟಿಕಾಂಶ, ಬೆಲೆ, ಸಿಗುವ ಜಾಗ ಎಲ್ಲ ಆಮೇಲೆ.

ಹಲ್ಲೇ ಯಾಕೆ

ಪಫರ್ ಮೀನಿಗೆ ನಾಲ್ಕು ಹಲ್ಲು, ಮೇಲೆ ಎರಡು, ಕೆಳಗೆ ಎರಡು. ಎರಡೆರಡು ಒತ್ತಾಗಿ ಕೂಡಿಕೊಂಡು ಕೊಕ್ಕಿನ ಹಾಗೆ ಕಾಣುತ್ತವೆ. ಇವುಗಳ ಕುಟುಂಬಕ್ಕೆ ಟೆಟ್ರಾಡಾಂಟಿಡೇ ಅಂತ ಹೆಸರು ಬಂದದ್ದೇ ಅದರಿಂದ, ಗ್ರೀಕಿನಲ್ಲಿ ನಾಲ್ಕು ಹಲ್ಲು ಅಂತ ಅರ್ಥ. ಮೈತುಂಬ ಮುಳ್ಳಿರುವ ಪೊರ್ಕ್ಯುಪೈನ್ ಪಫರ್ ಬೇರೆ ಕುಟುಂಬದ್ದು, ಅದಕ್ಕೆ ಮೇಲೊಂದು ಕೆಳಗೊಂದು ಎರಡೇ ಹಲ್ಲು. ಎರಡರಲ್ಲೂ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ, ನಮ್ಮ ಉಗುರಿನ ಹಾಗೆ. ಸಮುದ್ರದಲ್ಲಿ ಇವು ಇಡೀ ದಿನ ಚಿಪ್ಪು, ಏಡಿ, ಸಮುದ್ರದ ಬಸವನಹುಳು, ಹವಳದ ತುದಿ ಅಂತ ಏನಾದರೂ ಗಟ್ಟಿಯದನ್ನು ಕಡಿಯುತ್ತಿರುತ್ತವೆ. ಬೆಳೆದಷ್ಟೂ ಸವೆಯುತ್ತದೆ. ಟ್ಯಾಂಕಿನಲ್ಲಿ ಮೆತ್ತಗಿನದನ್ನೇ ಹಾಕಿದರೆ ಬೆಳೆಯುವುದು ನಿಲ್ಲುವುದಿಲ್ಲ, ಸವೆಯುವುದು ಮಾತ್ರ ನಿಲ್ಲುತ್ತದೆ.

ನಿಮ್ಮ ಹತ್ತಿರ ಇರುವುದು ಯಾವ ಪಫರ್ ಅನ್ನುವುದೂ ಇಲ್ಲಿ ಮುಖ್ಯ. ವ್ಯಾಲೆಂಟಿನಿ ಪಫರ್ ಬೆಳೆದರೂ 10 ಸೆಂಟಿಮೀಟರಿನ ಆಸುಪಾಸು, ಅದರ ಬಾಯಿಗೆ ದೊಡ್ಡ ಚಿಪ್ಪು ಹಾಕಿ ಪ್ರಯೋಜನ ಇಲ್ಲ. ಡಾಗ್‌ಫೇಸ್ 30 ಸೆಂಟಿಮೀಟರ್ ದಾಟಬಹುದು. ಬಿಳಿ ಗೆರೆ, ಬಿಳಿ ಚುಕ್ಕೆಯ ಆರೋಥ್ರಾನ್ ಹಿಸ್ಪಿಡಸ್ 50ರವರೆಗೂ ಹೋಗುತ್ತದೆ. ಸ್ಟೆಲ್ಲಾಟಸ್ ಅನ್ನುವುದು ಒಂದು ಮೀಟರ್ ದಾಟುವ ಮೀನು, ಅದನ್ನು ಮನೆಯ ಟ್ಯಾಂಕಿಗೆ ತರಲೇಬೇಡಿ ಅನ್ನುತ್ತೇನೆ ನಾನು. ಇನ್ನು ನಮ್ಮ ಪಶ್ಚಿಮ ಘಟ್ಟದ ಹೊಳೆಗಳ ಪುಟಾಣಿ ಬಟಾಣಿ ಪಫರ್, ಕೇರಳ ಮತ್ತು ದಕ್ಷಿಣ ಕರ್ನಾಟಕದ್ದು, ಅದು ಸಿಹಿನೀರಿನ ಮೀನು. ಅದರ ಊಟದ ಲೆಕ್ಕವೇ ಬೇರೆ. ಇಲ್ಲಿ ಹೇಳುತ್ತಿರುವುದು ಉಪ್ಪುನೀರಿನವಕ್ಕೆ ಮಾತ್ರ.

ಮರುವಾಯಿ, ಪಚ್ಚಿಲೆ, ಕಲ್ವ: ಚಿಪ್ಪಿನಲ್ಲಿ ಯಾವುದು?

ನನ್ನ ಮೊದಲ ಆಯ್ಕೆ ಮರುವಾಯಿ, ಇಂಗ್ಲಿಷಿನಲ್ಲಿ ಕ್ಲ್ಯಾಮ್. ಸಣ್ಣದು, ಚಿಪ್ಪು ಸಮೇತ. ಮಲ್ಪೆ, ಮಂಗಳೂರು ಕಡೆ ಬೆಳೆದವರಿಗೆ ಇದರ ಪರಿಚಯ ಹೇಳಬೇಕಿಲ್ಲ, ಮರುವಾಯಿ ಸುಕ್ಕ ತಿಂದವರೇ ಎಲ್ಲ. ಊರಿಗೆ ಹೋದಾಗಲೆಲ್ಲ ಮಾರ್ಕೆಟ್ಟಿನಲ್ಲಿ ಎಲ್ಲಕ್ಕಿಂತ ಸಣ್ಣ ಮರುವಾಯಿ ಆರಿಸಿ ಕೊಡಿ ಅಕ್ಕ ಅಂತ ಕೇಳುತ್ತೇನೆ. "ಇಷ್ಟು ಸಣ್ಣದರಲ್ಲಿ ಮಾಂಸ ಎಲ್ಲುಂಟು ಮಾರಾಯ್ರೆ, ದೊಡ್ಡದು ಕೊಂಡೋಗಿ" ಅನ್ನುತ್ತಾರೆ. ನನಗೆ ಬೇಕಾದದ್ದು ಮಾಂಸಕ್ಕಿಂತ ಜಾಸ್ತಿ ಚಿಪ್ಪು ಅಂತ ಹೇಳಿದರೆ ನಗುತ್ತಾರೆ, ಆದರೂ ಆರಿಸಿ ಕೊಡುತ್ತಾರೆ.

ತಂದ ಮೇಲೆ ಒಂದು ಪಾತ್ರೆ ಉಪ್ಪುನೀರಿನಲ್ಲಿ ನಾಲ್ಕೈದು ಗಂಟೆ ಬಿಟ್ಟರೆ ಹೊಟ್ಟೆಯ ಮರಳು ಬಿಡುತ್ತದೆ. ಟ್ಯಾಂಕಿಗೆ ಉಪ್ಪು ಬೆರೆಸುವ ಅಳತೆಯಲ್ಲೇ ಬೆರೆಸಿದ ನೀರಾದರೆ ಒಳ್ಳೆಯದು. ಬಾಯಿ ತೆರೆದುಕೊಂಡೇ ಇದ್ದು, ತಟ್ಟಿದರೂ ಮುಚ್ಚದವು ಸತ್ತಿರುತ್ತವೆ, ಅವನ್ನು ಎಸೆಯಿರಿ. ಉಳಿದದ್ದನ್ನು ಒಂದೊಂದು ಹೊತ್ತಿಗೆ ಬೇಕಾದಷ್ಟು ಕವರಿನಲ್ಲಿ ಹಾಕಿ ಫ್ರೀಜರಿಗೆ ಇಡುತ್ತೇನೆ. ಒಂದು ರಾತ್ರಿ ಫ್ರೀಜರಿನಲ್ಲಿದ್ದು ಕರಗಿದ ಮರುವಾಯಿ ತಾನೇ ಸ್ವಲ್ಪ ಬಾಯಿ ಬಿಡುತ್ತದೆ. ಆ ಸಣ್ಣ ಸಂದು ಸಾಕು, ವಾಸನೆ ನೀರಿಗೆ ಹರಡುತ್ತದೆ.

ಆಮೇಲೆ ನೋಡಬೇಕು. ಗುಂಡ ಮೊದಲು ಒಂದು ಕಣ್ಣು ಚಿಪ್ಪಿನ ಕಡೆ, ಇನ್ನೊಂದು ಕಣ್ಣು ನನ್ನ ಕಡೆ ತಿರುಗಿಸುತ್ತಾನೆ. ಪಫರ್‌ಗೆ ಎರಡು ಕಣ್ಣೂ ಬೇರೆ ಬೇರೆ ತಿರುಗುತ್ತವೆ. ಮೇಲಿನಿಂದ ಇಳಿದು ಬಾಯಿಂದ ನೀರು ಚಿಮ್ಮಿಸಿ ಚಿಪ್ಪನ್ನು ಉರುಳಿಸಿ ನೋಡುತ್ತಾನೆ. ಅಂಚು ಸಿಕ್ಕಿತೋ, ಕಟ್ ಅಂತ ಒಂದು ಶಬ್ದ. ಟ್ಯಾಂಕಿನ ಗಾಜು ದಾಟಿ, ಫ್ಯಾನ್ ಓಡುತ್ತಿದ್ದರೂ ಸೋಫಾದಲ್ಲಿ ಕೂತವರಿಗೆ ಕೇಳುತ್ತದೆ. ಚೂರು ಉಗುಳುತ್ತಾನೆ, ಮತ್ತೆ ಕಡಿಯುತ್ತಾನೆ. ಒಂದು ಮರುವಾಯಿಗೆ ಹತ್ತು ನಿಮಿಷ ಕೆಲಸ. ಸಿಪ್ಪೆ ತೆಗೆದ ಸಿಗಡಿ ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ, ಉಳಿದ ಹೊತ್ತು ಮೀನಿಗೆ ಬೇಜಾರು. ಹಲ್ಲಿನ ಜೊತೆಗೆ ಈ ಕೆಲಸವೂ ಅದಕ್ಕೆ ಬೇಕು.

ಪಚ್ಚಿಲೆಯ (ಮಸಲ್) ಚಿಪ್ಪು ಮರುವಾಯಿಗಿಂತ ತೆಳು. ಸಣ್ಣ ಪಫರ್ ಇದ್ದವರಿಗೆ, ಅಥವಾ ಚಿಪ್ಪು ಮುರಿದು ಅಭ್ಯಾಸವೇ ಇಲ್ಲದ ಮೀನಿಗೆ ಇದರಿಂದ ಶುರು ಮಾಡುವುದು ಸುಲಭ. ಅರ್ಧ ಚಿಪ್ಪಿನಲ್ಲಿ ಮಾಂಸ ಉಳಿಸಿ ಕೊಡಿ. ಕಲ್ಲಿಗೆ ಅಂಟಿಕೊಳ್ಳುವ ನಾರು ಇರುತ್ತದಲ್ಲ, ಅದನ್ನು ಎಳೆದು ತೆಗೆಯಿರಿ. ಆದರೆ ಪಚ್ಚಿಲೆಯ ಮಾಂಸ ಮೆತ್ತಗೆ, ಬೇಗ ಚೂರುಚೂರಾಗಿ ನೀರಿನಲ್ಲಿ ತೇಲುತ್ತದೆ. ನೀರಿನ ಗಲೀಜನ್ನು ನೊರೆಯ ಜೊತೆ ಹೊರಗೆ ತೆಗೆಯುವ ಸ್ಕಿಮ್ಮರ್ ಚೆನ್ನಾಗಿ ಓಡುತ್ತಿರಬೇಕು.

ಕಲ್ವ, ಅಂದರೆ ಆಯ್ಸ್ಟರ್, ನಾನು ಬಿಟ್ಟುಬಿಟ್ಟಿದ್ದೇನೆ. ಚಿಪ್ಪು ವಿಪರೀತ ಗಟ್ಟಿ, ಅಂಚು ಬ್ಲೇಡಿನ ಹಾಗೆ. ಮಾಂಸ ಕಿತ್ತು ತಿನ್ನುತ್ತದೆಯೇ ಹೊರತು ಚಿಪ್ಪು ಮುರಿಯುವುದಿಲ್ಲ, ಹಾಗಾಗಿ ಹಲ್ಲಿಗೇನೂ ಲಾಭವಿಲ್ಲ.

ಮರುವಾಯಿ ಇಷ್ಟು ಒಳ್ಳೆಯದಾದರೆ ದಿನಾ ಅದನ್ನೇ ಹಾಕಬಹುದಲ್ಲ ಅಂದರೆ, ಆಗುವುದಿಲ್ಲ. ಬಹಳಷ್ಟು ಚಿಪ್ಪುಜೀವಿಗಳಲ್ಲಿ ಥಯಾಮಿನೇಸ್ ಅನ್ನುವ ಕಿಣ್ವ ಇರುತ್ತದೆ. ಅದು ವಿಟಮಿನ್ ಬಿ1 ಅನ್ನು ಒಡೆದುಹಾಕುತ್ತದೆ. ಅಂಥದ್ದನ್ನೇ ತಿಂಗಳುಗಟ್ಟಲೆ ತಿಂದ ಮೀನಿಗೆ ಬಿ1 ಕೊರತೆ ಬರುತ್ತದೆ. ಹಸಿವು ಹೋಗುತ್ತದೆ, ಈಜುವಾಗ ಸಮತೋಲ ತಪ್ಪುತ್ತದೆ. ಫ್ರೀಜ್ ಮಾಡಿದರೆ ಈ ಕಿಣ್ವ ಸಾಯುವುದಿಲ್ಲ, ಬೇಯಿಸಿದರೆ ಸಾಯುತ್ತದೆ. ಆದರೆ ಬೇಯಿಸಿದರೆ ಬೇರೆ ಸತ್ವವೂ ಹೋಗುತ್ತದೆ ಅಂತ ಹಸಿಯದ್ದನ್ನೇ ಕೊಡುತ್ತೇವೆ. ಅದಕ್ಕೇ ಆಹಾರ ಬದಲಿಸುತ್ತಾ ಇರಬೇಕು, ಮೀನಿಗೆ ಅಂತಲೇ ಸಿಗುವ ವಿಟಮಿನ್ ದ್ರಾವಣದಲ್ಲಿ ವಾರಕ್ಕೆ ಎರಡು ಸಲವಾದರೂ ಆಹಾರವನ್ನು ಹತ್ತು ಹದಿನೈದು ನಿಮಿಷ ನೆನೆಸಿ ಕೊಡಬೇಕು.

ಏಡಿ

ಹಲ್ಲು ಸವೆಸುವ ಲೆಕ್ಕದಲ್ಲಿ ಮರುವಾಯಿಗೆ ಸರಿಸಮ ಅಂದರೆ ಏಡಿ. ಕಾಲುಗಳು ಸಾಕು. ಬೆಂಗಳೂರಿನಲ್ಲಿ ರಸೆಲ್ ಮಾರ್ಕೆಟ್ಟಿನಂಥ ಕಡೆ ಸಮುದ್ರದ ಏಡಿ ಸಿಗುತ್ತದೆ. ಮನೆಗೆ ಸಾರಿಗೆ ಅಂತ ತಂದಾಗ ಕಾಲುಗಳನ್ನು ಬೇರೆ ತೆಗೆದಿಟ್ಟುಕೊಳ್ಳುತ್ತೇನೆ. ಗಂಟುಗಂಟಿಗೆ ಕತ್ತರಿಸಿದರೆ ಒಂದು ಬದಿ ಮಾಂಸ ಕಾಣುತ್ತದೆ, ಅದನ್ನು ಎಳೆಯಲು ಚಿಪ್ಪು ಕಡಿಯಲೇಬೇಕು. ಗುಂಡನಿಗೆ ಮರುವಾಯಿಗಿಂತ ಇದೇ ಇಷ್ಟ.

ಜೀವಂತ ಏಡಿ ಬಿಡುವುದು ನೋಡಲು ಚೆಂದ ಅನ್ನುವವರಿದ್ದಾರೆ. ನಾನು ಬೇಡ ಅನ್ನುತ್ತೇನೆ. ಇಕ್ಕಳದಂಥ ಕೊಂಬಿನಿಂದ ಮೀನಿನ ಕಣ್ಣಿಗೆ, ರೆಕ್ಕೆಗೆ ಚುಚ್ಚಿದರೆ ಗಾಯ ಮಾಯಲು ವಾರಗಳು ಬೇಕು. ಕಡಲಿನಿಂದ ನೇರ ಬಂದ ಜೀವಿಯ ಜೊತೆ ರೋಗವೂ ಟ್ಯಾಂಕಿಗೆ ಬರಬಹುದು. ಊಟ ಮಾಡಲು ಒಪ್ಪದ ಹೊಸ ಮೀನಿಗೆ ಮಾತ್ರ, ಅದೂ ಕೊಂಬು ಮುರಿದ ಸಣ್ಣ ಏಡಿ, ಒಂದೆರಡು ಸಲ ಪರವಾಗಿಲ್ಲ.

ಸಿಗಡಿ, ಬೊಂಡಾಸ್: ಸುಲಭ, ಆದರೆ ಮೆತ್ತಗೆ

ಸಿಗಡಿಯನ್ನು ಪೂರ್ತಿ ಬಿಡಿ ಅಂತ ಹೇಳುವುದಿಲ್ಲ. ಪೌಷ್ಟಿಕ, ಎಲ್ಲ ಕಡೆ ಸಿಗುತ್ತದೆ, ಔಷಧಿ ಸೇರಿಸಿ ಕೊಡಲೂ ಅನುಕೂಲ. ತಲೆ, ಸಿಪ್ಪೆ, ಬಾಲ ಸಮೇತ ಕೊಡಿ. ಸುಲಿದು ತೊಳೆದು ಪ್ಯಾಕ್ ಮಾಡಿದ್ದು ಬೇಡ. ಅಂಥ ಪ್ಯಾಕೆಟ್ಟುಗಳಲ್ಲಿ ತೂಕ ಉಳಿಯಲಿ ಅಂತ ಫಾಸ್ಫೇಟ್ ದ್ರಾವಣದಲ್ಲಿ ನೆನೆಸಿದ್ದೂ ಇರುತ್ತದೆ. ಹಿಂದಿನ ಲೇಬಲ್ಲಿನಲ್ಲಿ ಸಿಗಡಿ ಬಿಟ್ಟು ಬೇರೆ ಏನಾದರೂ ಹೆಸರು ಇದ್ದರೆ ವಾಪಸ್ ಇಡಿ. ಉಪ್ಪು, ಅರಿಶಿನ ಹಾಕಿದ್ದಂತೂ ಮುಟ್ಟಲೇಬೇಡಿ. ಒಂದು ವಿಷಯ ನೆನಪಿರಲಿ, ಸಿಗಡಿಯ ಸಿಪ್ಪೆ ತೆಳು. ಅದರಿಂದ ಹಲ್ಲು ಸವೆಯುತ್ತದೆ ಅಂತ ನಂಬಿ ಕೂರಬೇಡಿ, ನಾನು ಹಾಗೆ ನಂಬಿದವರ ಮೀನುಗಳನ್ನೂ ನೋಡಿದ್ದೇನೆ.

ಬೊಂಡಾಸ್, ಅಂದರೆ ಸ್ಕ್ವಿಡ್, ಇನ್ನೂ ಮೆತ್ತಗೆ. ಹಲ್ಲಿಗೆ ಏನೂ ಮಾಡುವುದಿಲ್ಲ. ಆದರೆ ಕೊಬ್ಬು ಕಡಿಮೆ, ನೀರು ಅಷ್ಟಾಗಿ ಕೆಡಿಸುವುದಿಲ್ಲ, ವಾಸನೆಗೆ ಮೀನು ಬೇಗ ಬರುತ್ತದೆ. ವಾರಕ್ಕೊಮ್ಮೆ ಬದಲಾವಣೆಗೆ ಒಂದೆರಡು ಉಂಗುರ, ಅಷ್ಟೇ.

ಬೂತಾಯಿ, ಕೊಲ್ಲತರು ನಮಗೆ ಪ್ರಾಣ, ಆದರೆ ಟ್ಯಾಂಕಿಗೆ ಬೇಡ. ಈ ಜಾತಿಯ ಮೀನುಗಳಲ್ಲೂ ಆ ಥಯಾಮಿನೇಸ್ ಇದೆ, ಮೇಲಾಗಿ ಎಣ್ಣೆ ನೀರಿನ ಮೇಲೆ ಪದರವಾಗಿ ನಿಲ್ಲುತ್ತದೆ.

ಕ್ರಿಲ್ ಡಬ್ಬಿ

ಅಂಗಡಿಯವರು ಇದನ್ನೇ ಕೊಡುವುದು ಯಾಕೆಂದರೆ ಕೆಡುವುದಿಲ್ಲ, ಇಡುವುದು ಸುಲಭ, ಯಾವ ಪಫರ್ ಕೂಡ ಬೇಡ ಅನ್ನುವುದಿಲ್ಲ. ತೊಂದರೆಯೂ ಅಲ್ಲೇ ಇದೆ. ಕ್ರಿಲ್ ರುಚಿ ಹತ್ತಿದ ಮೀನು ಬೇರೆ ಏನನ್ನೂ ಮೂಸಿ ನೋಡುವುದಿಲ್ಲ. ಗುಂಡನಿಗೆ ಮರುವಾಯಿ ಒಗ್ಗಿಸಲು ನನಗೆ ಮೂರು ವಾರ ಹಿಡಿಯಿತು. ಒಣ ಕ್ರಿಲ್ ನೀರಿನ ಮೇಲೆ ತೇಲುತ್ತದೆ, ಮೀನು ಮೇಲೆ ಬಂದು ಅದರ ಜೊತೆ ಗಾಳಿಯನ್ನೂ ನುಂಗುತ್ತದೆ. ಪಫರ್‌ಗೆ ಗಾಳಿ ಹೊಟ್ಟೆ ಸೇರುವುದು ಅಪಾಯ, ಹೊರಗೆ ಹಾಕಲು ಒದ್ದಾಡುತ್ತದೆ. ಅನುಭವಸ್ಥರು ಇನ್ನೊಂದು ಎಚ್ಚರಿಕೆಯನ್ನೂ ಹೇಳುತ್ತಾರೆ. ಬರೀ ಕ್ರಿಲ್ ತಿಂದು ಬೆಳೆದ ಪಫರ್‌ಗಳಲ್ಲಿ ದವಡೆ ಬಿಗಿದು ಬಾಯಿ ತೆರೆಯಲಾಗದ ಸ್ಥಿತಿ ಕಂಡಿದ್ದಾರೆ.

ಡಬ್ಬಿ ಮನೆಯಲ್ಲಿ ಇದ್ದರೆ ಎಸೆಯಬೇಡಿ. ಟ್ಯಾಂಕಿನ ನೀರಲ್ಲೇ ಹತ್ತು ನಿಮಿಷ ನೆನೆಸಿ, ಮುಳುಗುವ ಹಾಗಾದ ಮೇಲೆ ವಾರಕ್ಕೊಂದು ಸಲ ಕೊಡಿ. ಅದೇ ದುಡ್ಡಿಗೆ ಫ್ರೋಜನ್ ಕ್ರಿಲ್ ಸಿಕ್ಕರೆ ಅದು ಮೇಲು.

ಪೆಲೆಟ್, ಅಂದರೆ ಒಣ ಗುಳಿಗೆ ಆಹಾರದ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಮಾಂಸಾಹಾರಿ ಸಮುದ್ರ ಮೀನಿಗೆ ಅಂತ ಮಾಡಿದ ಮುಳುಗುವ ಪೆಲೆಟ್‌ನಲ್ಲಿ ವಿಟಮಿನ್ ಸೇರಿಸಿರುತ್ತಾರೆ, ಅಷ್ಟರ ಮಟ್ಟಿಗೆ ಒಳ್ಳೆಯದು. ವ್ಯಾಲೆಂಟಿನಿಯಂಥ ಸಣ್ಣವು ಒಪ್ಪಿಕೊಳ್ಳುತ್ತವೆ, ದೊಡ್ಡ ಪಫರ್ ಬಾಯಿಗೆ ತಗೊಂಡು ಪುಡಿ ಮಾಡಿ ಕಿವಿರಿನಿಂದ ಅರ್ಧ ಹೊರಗೆ ಬಿಡುತ್ತದೆ. ಆ ಪುಡಿ ಮರಳಿನಲ್ಲಿ ಕೊಳೆಯುತ್ತದೆ.

ಅದಕ್ಕಿಂತ ಮನೆಯಲ್ಲೇ ಮಾಡುವ ಜೆಲ್ ಆಹಾರ ನನಗೆ ಹಿಡಿಸಿದೆ. ಮರುವಾಯಿ, ಸಿಗಡಿ, ಬೊಂಡಾಸ್ ಸ್ವಲ್ಪ ಸ್ವಲ್ಪ ಮಿಕ್ಸಿಯಲ್ಲಿ ತರಿತರಿಯಾಗಿ ತಿರುಗಿಸಿ, ಒಂದು ಚಮಚ ಸ್ಪಿರುಲಿನಾ ಪುಡಿ ಹಾಕಿಕೊಳ್ಳಿ. ಹಲ್ವಕ್ಕೆ ಹಾಕುವ ಚೀನಾಹುಲ್ಲು ಇದೆಯಲ್ಲ, ಅದನ್ನು ನೀರಲ್ಲಿ ಕುದಿಸಿ ಕರಗಿಸಿ, ಬೆರಳು ಅದ್ದಿದರೆ ತಡೆಯುವಷ್ಟು ಬೆಚ್ಚಗಾದಾಗ ಬೆರೆಸಿ. ತೀರಾ ತಣ್ಣಗಾಗಲು ಬಿಟ್ಟರೆ ಬೆರೆಸುವ ಮೊದಲೇ ಗಟ್ಟಿಯಾಗುತ್ತದೆ. ವಿಟಮಿನ್ ಕೊನೆಗೆ ಹಾಕಿ, ತಟ್ಟೆಗೆ ಸುರಿದು, ಗಟ್ಟಿಯಾದ ಮೇಲೆ ಬರ್ಫಿಯ ಹಾಗೆ ಕತ್ತರಿಸಿ ಫ್ರೀಜರಿಗೆ ಇಟ್ಟರೆ ತಿಂಗಳಿಗೆ ಸಾಕು. ಇದಕ್ಕೆ ಬೇರೆ ಮಿಕ್ಸಿ ಜಾರ್ ಇಟ್ಟುಕೊಂಡರೆ ಮನೆಯಲ್ಲಿ ಶಾಂತಿ. ಹಲ್ಲು ಇದರಿಂದಲೂ ಸವೆಯುವುದಿಲ್ಲ, ಚಿಪ್ಪಿನ ದಿನಗಳ ನಡುವೆ ಕೊಡಲು ಮಾತ್ರ.

ಬಸವನಹುಳು ಹಾಕಬಹುದಾ?

ಬಹಳ ಜನ ಕೇಳುತ್ತಾರೆ, ಯಾಕೆಂದರೆ ಸಿಹಿನೀರಿನ ಪಫರ್ ಸಾಕುವವರೆಲ್ಲ ಅದನ್ನೇ ಹಾಕುತ್ತಾರೆ. ಗಿಡ ಇರುವ ಟ್ಯಾಂಕಿನಲ್ಲಿ ತಾನಾಗಿ ಹುಟ್ಟುವ ರಾಮ್ಸ್‌ಹಾರ್ನ್ ಹುಳು ವ್ಯಾಲೆಂಟಿನಿಗೆ ಆಗೊಮ್ಮೆ ಈಗೊಮ್ಮೆ ಸರಿಹೋಗುತ್ತದೆ. ಉಪ್ಪುನೀರಲ್ಲಿ ಅದು ಬೇಗ ಸಾಯುತ್ತದೆ, ಹಾಗಾಗಿ ತಿನ್ನುವಷ್ಟೇ ಹಾಕಿ, ಉಳಿದದ್ದನ್ನು ಕೂಡಲೇ ತೆಗೆಯಿರಿ. ಉದ್ದ ಸುರುಳಿಯ ಟ್ರಂಪೆಟ್ ಹುಳು ಬೇಡ, ಆ ಚಿಪ್ಪಿಗೆ ಸಣ್ಣ ಪಫರ್‌ನ ಹಲ್ಲು ಮುರಿಯಬಹುದು.

ಮಳೆಗಾಲದಲ್ಲಿ ತೋಟದ ತುಂಬ ಬರುವ ಆಫ್ರಿಕನ್ ಬಸವನಹುಳು, ಕೊಡಗಿನ ಕಾಫಿ ತೋಟದವರಿಗೆ ಇದರ ಕಾಟ ಗೊತ್ತು, ಅದನ್ನು ಯಾವ ಕಾರಣಕ್ಕೂ ಹಾಕಬೇಡಿ. ಅದಕ್ಕೆ ವಿಷದ ಗುಳಿಗೆ ಇಟ್ಟಿರುತ್ತಾರೆ, ಪರಾವಲಂಬಿ ಹುಳುಗಳೂ ಅದರೊಳಗೆ ಇರುತ್ತವೆ. ಸಮುದ್ರದಂಡೆಯಲ್ಲಿ ಸಿಗುವ ಶಂಖ, ಕವಡೆ ಆರಿಸಿ ತರುವುದೂ ಬೇಡ. ಕೆಲವು ಜಾತಿಯ ಶಂಖಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಯಾವುದು ಅಂತ ಅಲ್ಲಿ ನಿಂತು ಗುರುತಿಸುವುದು ಕಷ್ಟ.

ಗೋಲ್ಡ್‌ಫಿಶ್, ಗಪ್ಪಿ ಅಂತ ಜೀವಂತ ಮೀನು ಹಾಕುವುದನ್ನು ನಾನು ಆಯ್ಕೆಯ ಪಟ್ಟಿಗೇ ಸೇರಿಸುವುದಿಲ್ಲ. ಗೋಲ್ಡ್‌ಫಿಶ್‌ನಲ್ಲಿ ಥಯಾಮಿನೇಸ್ ಇದೆ, ರೋಗ ತರುತ್ತದೆ, ಹಲ್ಲಿಗೂ ಉಪಯೋಗವಿಲ್ಲ. ಕೋಳಿ, ಮಟನ್ ಕೂಡ ಬೇಡ. ಸಮುದ್ರದ ಮೀನಿನ ಹೊಟ್ಟೆಗೆ ಆ ಕೊಬ್ಬು ಅರಗುವುದಿಲ್ಲ.

ಸೊಪ್ಪಿನ ಲೆಕ್ಕಕ್ಕೆ ಒಂದು ಮಾತು. ಹಲವು ಪಫರ್‌ಗಳು ಕಡಲಲ್ಲಿ ಪಾಚಿಯನ್ನೂ ಮೇಯುತ್ತವೆ. ಉಪ್ಪು, ಮಸಾಲೆ ಹಾಕದ ನೋರಿ (ಒಣಗಿಸಿದ ಕಡಲಪಾಚಿ) ಹಾಳೆಯ ತುಂಡನ್ನು ಕ್ಲಿಪ್ಪಿಗೆ ಸಿಕ್ಕಿಸಿ ಇಟ್ಟು ನೋಡಿ. ಗುಂಡ ಮೂಸಿಯೂ ನೋಡಲಿಲ್ಲ. ಗೆಳೆಯನ ವ್ಯಾಲೆಂಟಿನಿ ದಿನಾ ಚೂರು ಕಿತ್ತು ತಿನ್ನುತ್ತದೆ.

ತಾಜಾದೋ, ಫ್ರೀಜ್ ಮಾಡಿದ್ದೋ?

ತಾಜಾ ಅಂದಕೂಡಲೇ ಒಳ್ಳೆಯದು ಅನಿಸುತ್ತದೆ ಅಲ್ವಾ? ಟ್ಯಾಂಕಿನ ಲೆಕ್ಕದಲ್ಲಿ ನನಗೆ ಫ್ರೀಜ್ ಮಾಡಿದ್ದೇ ಮೇಲು ಅನಿಸಿದೆ. ಒಂದು ವಾರ ಚೆನ್ನಾಗಿ ಗಡ್ಡೆಕಟ್ಟಿ ಇದ್ದರೆ ಹೆಚ್ಚಿನ ಪರಾವಲಂಬಿಗಳು ಸಾಯುತ್ತವೆ. ಬ್ಯಾಕ್ಟೀರಿಯಾ ಸಾಯುವುದಿಲ್ಲ, ಸುಮ್ನೆ ಮಲಗಿರುತ್ತದೆ, ಹಾಗಾಗಿ ಕರಗಿಸಿದ್ದನ್ನು ಮತ್ತೆ ಫ್ರೀಜರಿಗೆ ಇಡಬಾರದು. ಕರಗಿಸುವುದು ಫ್ರಿಜ್ಜಿನಲ್ಲಿ, ಬಟ್ಟಲಿನಲ್ಲಿ. ಕರಗಿ ಬಂದ ಆ ಮಬ್ಬು ನೀರನ್ನು ಸಿಂಕಿಗೆ ಚೆಲ್ಲಿ, ಆರ್‌ಒ ನೀರಲ್ಲಿ ಒಂದು ಸಲ ತೊಳೆದು ಕೊಡಿ. ಅದನ್ನು ಟ್ಯಾಂಕಿಗೆ ಸುರಿದರೆ ಮೀನಿಗೇನೂ ಸಿಗುವುದಿಲ್ಲ, ಪಾಚಿಗೆ ಹಬ್ಬ.

ಮಾರ್ಕೆಟ್ಟಿನದನ್ನು ಆರಿಸುವಾಗ ಜೀವಂತ ಇರುವ ಚಿಪ್ಪು, ಓಡಾಡುವ ಏಡಿ ಇದ್ದರೆ ಅನುಮಾನವೇ ಬೇಡ. 2018ರಲ್ಲಿ ಕೇರಳ, ಗೋವಾ ಕಡೆ ಮೀನಿಗೆ ಫಾರ್ಮಾಲಿನ್ ಹಾಕಿದ ಗಲಾಟೆ ಆಯಿತಲ್ಲ, ಅವತ್ತಿನಿಂದ ಸತ್ತ ಸಿಗಡಿಯನ್ನು ಗೊತ್ತಿರುವವರ ಹತ್ತಿರ ಮಾತ್ರ ತಗೊಳ್ಳುತ್ತೇನೆ. ಸಮುದ್ರದ ವಾಸನೆ ಬರಬೇಕು. ಯಾವ ವಾಸನೆಯೂ ಇಲ್ಲದ, ನೊಣ ಕೂರದ ಸಿಗಡಿ ಕಂಡರೆ ಮುಂದೆ ಹೋಗಿ. ಇನ್ನೊಂದು, ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆ ಎರಡು ತಿಂಗಳು ಸಿಗುವುದೂ ಕಡಿಮೆ, ಬೆಲೆಯೂ ಜಾಸ್ತಿ. ಮೇ ತಿಂಗಳಲ್ಲೇ ಫ್ರೀಜರ್ ತುಂಬಿಸಿಕೊಳ್ಳಿ.

ಎಷ್ಟು, ಎಷ್ಟು ಸಲ

ಪಫರ್ ಬೇಡುವುದನ್ನು ನೋಡಿ ಹಾಕಲು ಹೋದರೆ ದಿನಕ್ಕೆ ಹತ್ತು ಸಲ ಹಾಕಬೇಕಾಗುತ್ತದೆ. ಮನುಷ್ಯ ಕಂಡಕೂಡಲೇ ಗಾಜಿನ ಹತ್ತಿರ ಬಂದು ಬಾಲ ಅಲ್ಲಾಡಿಸಿ, ಮೇಲೆ ಕೆಳಗೆ ಕುಣಿದು, ನೀರು ಉಗುಳಿ ಕರೆಯುತ್ತದೆ. ಅದು ಹಸಿವು ಅಂತ ಅಂದುಕೊಳ್ಳಬೇಡಿ, ನಿಮ್ಮ ಮುಖ ಕಂಡರೆ ಊಟ ಬರುತ್ತದೆ ಅಂತ ಕಲಿತಿದೆ. ಐದಾರು ಸೆಂಟಿಮೀಟರಿನ ಮರಿಗೆ ದಿನಾ ಸ್ವಲ್ಪ ಹಾಕಿ. ಬೆಳೆದವಕ್ಕೆ ದಿನ ಬಿಟ್ಟು ದಿನ ಸಾಕು. ಹೊಟ್ಟೆ ಲೇಸಾಗಿ ದುಂಡಗಾಯಿತೋ ನಿಲ್ಲಿಸಿ, ಚೆಂಡಿನ ಹಾಗೆ ಉಬ್ಬುವವರೆಗೆ ಬೇಡ. ಬೆನ್ನಿನ ಕಡೆ ಒಳಗೆ ಸೆಳೆದುಕೊಂಡ ಹಾಗೆ ಕಂಡರೆ ಕಡಿಮೆ ಆಗುತ್ತಿದೆ ಅಂತ.

ನನ್ನ ಕ್ರಮ ಹೀಗಿದೆ. ಸೋಮವಾರ ಎರಡು ಮೂರು ಮರುವಾಯಿ. ಬುಧವಾರ ಸಿಪ್ಪೆ ಸಮೇತ ಸಿಗಡಿ, ವಿಟಮಿನ್‌ನಲ್ಲಿ ನೆನೆಸಿದ್ದು. ಶುಕ್ರವಾರ ಏಡಿ ಕಾಲು. ಭಾನುವಾರ ಜೆಲ್ ತುಂಡು ಅಥವಾ ಬೊಂಡಾಸ್, ಅದಕ್ಕೂ ವಿಟಮಿನ್. ವಾರದಲ್ಲಿ ಎರಡು ಹೊತ್ತಾದರೂ ಕಡಿಯುವ ಕೆಲಸ ಇರಲೇಬೇಕು, ಉಳಿದದ್ದು ನಿಮಗೆ ಸಿಕ್ಕ ಹಾಗೆ ಅದಲುಬದಲು ಮಾಡಿಕೊಳ್ಳಿ.

ಕೈಯಿಂದ ತಿನ್ನಿಸಬೇಡಿ. ಮರುವಾಯಿ ಮುರಿಯುವ ಬಾಯಿಗೆ ಬೆರಳಿನ ತುದಿ ಲೆಕ್ಕಕ್ಕಿಲ್ಲ, ದೊಡ್ಡ ಪೊರ್ಕ್ಯುಪೈನ್ ಪಫರ್ ಅಂತೂ ಗಂಭೀರ ಗಾಯ ಮಾಡಬಲ್ಲದು. ಉದ್ದದ ಪ್ಲಾಸ್ಟಿಕ್ ಇಕ್ಕಳ ಇಟ್ಟುಕೊಳ್ಳಿ. ಮರಳಿನ ಮೇಲೆ ಒಂದು ಸಣ್ಣ ಗಾಜಿನ ತಟ್ಟೆ ಇಟ್ಟು ಅದರ ಮೇಲೇ ಊಟ ಬಿಟ್ಟರೆ, ಅರ್ಧ ಗಂಟೆ ಬಿಟ್ಟು ಚಿಪ್ಪು, ಚೂರು ತೆಗೆಯುವುದೂ ಸುಲಭ. ಇವು ಗಲೀಜು ಮಾಡಿ ತಿನ್ನುವ ಮೀನು. ಊಟದ ಮಾರನೆಯ ದಿನ ಅಮೋನಿಯಾ ಟೆಸ್ಟ್ ಮಾಡಿ ನೋಡಿ, ಸೊನ್ನೆ ಬರದಿದ್ದರೆ ನಿಮ್ಮ ಫಿಲ್ಟರಿಗೆ ಆ ಊಟ ಜಾಸ್ತಿಯಾಯಿತು.

ಈಗಾಗಲೇ ಹಲ್ಲು ಬೆಳೆದಿದ್ದರೆ

ಸ್ವಲ್ಪ ಉದ್ದವಾಗಿದೆ, ಇನ್ನೂ ತಿನ್ನುತ್ತಿದೆ ಅಂದರೆ ಇವತ್ತಿನಿಂದಲೇ ಚಿಪ್ಪು ಶುರು ಮಾಡಿ. ಮೊದಲು ಅರ್ಧ ಚಿಪ್ಪಿನ ಪಚ್ಚಿಲೆ, ಆಮೇಲೆ ಮರುವಾಯಿ. ಒಂದೆರಡು ದಿನ ಮುಟ್ಟದಿದ್ದರೆ ಮನಸ್ಸು ಕರಗಿ ಕ್ರಿಲ್ ಹಾಕಬೇಡಿ. ಆರೋಗ್ಯವಾಗಿರುವ ಬೆಳೆದ ಪಫರ್ ಮೂರು ನಾಲ್ಕು ದಿನ ಉಪವಾಸ ತಡೆಯುತ್ತದೆ.

ಬಾಯಿಗೆ ಏನೂ ಹೋಗದ ಸ್ಥಿತಿಗೆ ಬಂದಿದ್ದರೆ ಹಲ್ಲು ಕತ್ತರಿಸಲೇಬೇಕು. ಗುಂಡನಿಗೆ ಹಾಗೆ ಮಾಡಬೇಕಾಯಿತು. ಹತ್ತಾರು ಸಲ ಮಾಡಿದ ಅನುಭವ ಇದ್ದ ಹಿರಿಯರೊಬ್ಬರು ಮನೆಗೆ ಬಂದರು. ಟ್ಯಾಂಕಿನದೇ ನೀರು ಇದ್ದ ಬಕೆಟ್ಟಿಗೆ, ಬಾಟಲಿಯಲ್ಲಿ ಚೆನ್ನಾಗಿ ಅಲ್ಲಾಡಿಸಿ ಹಾಲಿನ ಹಾಗೆ ಮಾಡಿದ ಲವಂಗದ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟರು. ಅವನು ನಿಧಾನವಾಗಿ ವಾಲಿದ. ಕಿವಿರು ಆಡುತ್ತಲೇ ಇತ್ತು. ಒದ್ದೆ ಬಟ್ಟೆಯಲ್ಲಿ ಹಿಡಿದು, ಉಗುರಿನ ಅಂಚು ಕತ್ತರಿಸುವ ಸಣ್ಣ ಕತ್ತರಿಯಿಂದ ತುದಿಯನ್ನು ಚೂರು ಚೂರೇ ತೆಗೆದರು. ಒಂದು ನಿಮಿಷವೂ ಆಗಲಿಲ್ಲ. ತಿರುಗಿ ಟ್ಯಾಂಕಿಗೆ ಬಿಟ್ಟು, ಅವನು ಎಚ್ಚರವಾಗುವವರೆಗೆ ನೀರು ಹರಿಯುವ ಕಡೆ ಮೂತಿ ಇರುವ ಹಾಗೆ ಹಿಡಿದುಕೊಂಡೇ ಇದ್ದರು. ಎಣ್ಣೆ ಸ್ವಲ್ಪ ಜಾಸ್ತಿಯಾದರೂ ಮೀನು ಏಳುವುದಿಲ್ಲ, ಹಾಗಾಗಿ ಮೊದಲ ಸಲ ಒಬ್ಬರೇ ಮಾಡಲು ಹೋಗಬೇಡಿ. ಮೀನು ನೋಡುವ ಪಶುವೈದ್ಯರು ಸಿಕ್ಕರೆ ಅವರ ಹತ್ತಿರವೇ ಹೋಗಿ. ಎಚ್ಚರ ಇರುವ ಮೀನನ್ನು ನೀರಿನಿಂದ ಎತ್ತಿ ಮಾಡುವುದಂತೂ ಬೇಡವೇ ಬೇಡ, ಹೆದರಿ ಗಾಳಿ ತುಂಬಿಕೊಂಡು ಉಬ್ಬಿಬಿಡುತ್ತದೆ.

ಅವತ್ತೇ ರಾತ್ರಿ ಒಂದು ತುಂಡು ಸಿಗಡಿ ತಿಂದ. ಆಮೇಲೆ ಇವತ್ತಿನವರೆಗೆ ಕತ್ತರಿ ಬೇಕಾಗಿಲ್ಲ.

ಊರಿಗೆ ಹೋಗುವಾಗ ಪಕ್ಕದ ಮನೆಯ ಆಂಟಿಗೆ ಕೀ ಕೊಟ್ಟು ಹೋಗುತ್ತೇನೆ. ಫ್ರೀಜರಿನಲ್ಲಿ ಒಂದೊಂದು ಕವರಿಗೂ ವಾರದ ಹೆಸರು ಬರೆದಿರುತ್ತೇನೆ, ಒಂದು ಕವರ್ ಒಂದು ಊಟ. ಹೋದ ಸಲ ಫೋನ್ ಮಾಡಿ, "ತುಂಬಾ ಕೇಳ್ತಾ ಇದಾನಪ್ಪಾ, ಇನ್ನೊಂದು ಕೊಡ್ಲಾ?" ಅಂದರು. ಬೇಡ ಆಂಟಿ, ಶುಕ್ರವಾರದ್ದು ಶುಕ್ರವಾರಕ್ಕೇ ಇರಲಿ ಅಂದೆ.